ಏಳನೆಯ ವ್ಯಾಯಾಮ

ಉಳ್ಳೂರು, ತಿರುವನಂತಪುರ
14 ಜುಲೈ 2008

ಮಾನ್ಯ ಕಮಲಾಕ್ಷ ಅವರಿಗೆ ನಮಸ್ಕಾರ.

ಶನಿವಾರ ಎರ್ನಾಕುಲಂನ ಸಭೆಗೆ ನೀವು ಏಳು ಜನ ಹಿರಿಯರೂ ತಪ್ಪದೆ ಬಂದಿರಿ. ನನಗೆ ಎಷ್ಟು ಧೈರ್ಯ ಬಂತೆಂದು ಹೇಳಲಾರೆ. ವಯಸ್ಸಾದವರು ಮನೆಯೊಳಗೆ ಬೀಳದಿರಲೆಂದು ಹತ್ತು ವ್ಯಾಯಾಮಗಳನ್ನು ಮೊಬೈಲ್ ಫೋನೇ ಹೇಳಿಕೊಡುವಂಥ ಪ್ರೋಗ್ರಾಂ ಮಾಡುತ್ತಿದ್ದೇವೆ ಎಂದರೆ ನಮ್ಮ ಸಂಸ್ಥೆಯಲ್ಲೇ ಕೆಲವರು ನಗುತ್ತಾರೆ. ‘ಚುವಡ್’ ಎಂದು ಅದಕ್ಕೆ ಹೆಸರಿಟ್ಟವರೂ ನಿಮ್ಮ ಗುಂಪಿನವರೇ. ಹೆಜ್ಜೆ ಎಂಬುದಕ್ಕೆ ಮಲಯಾಳದಲ್ಲಿ ಅಷ್ಟು ಚೆಂದದ ಮಾತಿದೆಯೆಂದು ಇಲ್ಲೇ ಬೆಳೆದ ನನಗೂ ಹೊಳೆದಿರಲಿಲ್ಲ.

ಎರ್ನಾಕುಲಂ ಗುಂಪಿನ ಹೊಣೆ ನೀವು ಹೊತ್ತುಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಎಲ್ಲರ ಅನುಭವ ಕೇಳಿ ನನಗೆ ಬರೆಯಿರಿ. ಫೋನ್ ಮಾಡಬಹುದಲ್ಲ ಎನ್ನುತ್ತೀರಿ. ಫೋನಿನಲ್ಲಿ ಎಲ್ಲರೂ ‘ಎಲ್ಲ ಸರಿಯಾಗಿದೆ’ ಎಂದುಬಿಡುತ್ತಾರೆ. ಬರೆಯಲು ಕೂತರೆ ಸ್ವಲ್ಪ ಯೋಚಿಸುತ್ತಾರೆ. ಕನ್ನಡದಲ್ಲೇ ಬರೆಯಿರಿ. ಅಪ್ಪ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆಂದು ಮೈಸೂರು ಬಿಟ್ಟು ಬಂದವರು. ಅಮ್ಮ ನನಗೆ ಅಕ್ಷರ ಕಲಿಸಿದ್ದು ವ್ಯರ್ಥವಾಗಬಾರದು.

ಒಂದೇ ಒಂದು ನಿಯಮ. ಯಾರಾದರೂ ಬಿದ್ದರೆ, ಪೆಟ್ಟಾಗದಿದ್ದರೂ, ಕೂಡಲೇ ತಿಳಿಸಬೇಕು. ವೈದ್ಯರು ನೋಡುವ ತನಕ ಅವರು ವ್ಯಾಯಾಮ ನಿಲ್ಲಿಸಬೇಕು.

ಇಂತಿ,
ಶ್ರೀವಿದ್ಯಾ
(ಫಿಸಿಯೋಥೆರಪಿ ವಿಭಾಗ)


ಕಡವಂತ್ರ, ಎರ್ನಾಕುಲಂ
28 ಜುಲೈ 2008

ಡಾ. ಶ್ರೀವಿದ್ಯಾ ಅವರಿಗೆ ನಮಸ್ಕಾರಗಳು.

ನೀವು ಹೊರಿಸಿದ ಹೊಣೆ ನನಗೆ ಹೊಸತಲ್ಲ. ಅಂಬಲಮುಗಳಿನ ರಿಫೈನರಿಯಲ್ಲಿ ಮೂವತ್ತೊಂದು ವರ್ಷ ಸುರಕ್ಷಾ ವಿಭಾಗದಲ್ಲಿದ್ದವನು ನಾನು. ಕಾಲು ಜಾರಿ ಬೀಳದೆ ಉಳಿದವನೂ ಬಂದು ರಿಜಿಸ್ಟರಿನಲ್ಲಿ ಬರೆಯಬೇಕೆಂದು ಹಟ ಹಿಡಿಯುತ್ತಿದ್ದೆ. ಬರೆಯದವರನ್ನು ಎಲ್ಲರ ಎದುರು ನಿಲ್ಲಿಸಿ ಬೈದದ್ದೂ ಉಂಟು. ಆದ್ದರಿಂದ ನಮ್ಮ ಗುಂಪಿನ ಬಗ್ಗೆ ನಿಶ್ಚಿಂತರಾಗಿರಿ.

ಮೊನ್ನೆ ಎಲ್ಲರೂ ನಮ್ಮ ಮನೆಯ ಜಗಲಿಯಲ್ಲಿ ಸೇರಿದ್ದೆವು. ನಿರ್ಮಲ, ನನ್ನ ಮನೆಯವಳು, ಎಲ್ಲರಿಗೂ ಪಳಂಪೊರಿ, ನಮ್ಮ ಬಾಳೆಹಣ್ಣಿನ ಬಜ್ಜಿ, ಮಾಡಿದ್ದಳು. ಪರದೆಯ ಅಕ್ಷರ ಇರುವೆ ಸಾಲಿನಂತಿದೆ, ದೊಡ್ಡದು ಮಾಡಬೇಕು. ಫೋನಿನ ಹೆಂಗಸು ಅಂಗನವಾಡಿ ಮಕ್ಕಳಿಗೆ ಹೇಳಿಕೊಡುವ ಹಾಗೆ ರಾಗ ಎಳೆಯುತ್ತಾಳೆ. ಬಂದರಿನಲ್ಲಿ ಕೆಲಸ ಮಾಡಿದ್ದ ಇಬ್ರಾಹಿಂ, “ಅವಳು ಹತ್ತು ಎಣಿಸುವಾಗ ನನ್ನದು ಆರಾಗಿರ್ತದೆ” ಎಂದರು. ಈ ಮೂರೂ ಬದಲಾಗಬೇಕು.

ಸುಮಿತ್ರಕ್ಕನವರ ಪರಿಚಯ ನಿಮಗಾಗಿದೆ. ನಮ್ಮ ಕಾಸರಗೋಡಿನವರೇ, ಎಪ್ಪತ್ತನಾಲ್ಕು ವಯಸ್ಸು, ಕೋರ್ಟಿನಲ್ಲಿ ಕನ್ನಡ ಹೇಳಿಕೆಗಳನ್ನು ಅನುವಾದಿಸುತ್ತಿದ್ದವರು. ಪ್ರತಿ ಸಾಲಿಗೂ ಒಂದು ತಕರಾರು ತೆಗೆಯುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಅವರ ಸಣ್ಣಪುಟ್ಟ ಮಾತುಗಳನ್ನೆಲ್ಲ ಬರೆದು ನಿಮ್ಮ ಸಮಯ ಹಾಳುಮಾಡುವುದಿಲ್ಲ.

ಒಂದು ವ್ಯಾಯಾಮವನ್ನೂ ತಪ್ಪಿಸದೆ ನೂರಕ್ಕೆ ನೂರು ಪಡೆದವನು ಈ ವಾರವೂ ನಾನೊಬ್ಬನೇ. ಹೇಳಿಕೊಳ್ಳುವುದಲ್ಲ, ನಿಮ್ಮ ದಾಖಲೆಗಾಗಿ.

ಇತಿ,
ಕಮಲಾಕ್ಷ


ಉಳ್ಳೂರು
25 ಆಗಸ್ಟ್ 2008

ಪ್ರಿಯ ಕಮಲಾಕ್ಷ ಅಂಕಲ್,

ಹಾಗೆ ಕರೆದರೆ ಬೇಸರವಿಲ್ಲ ತಾನೆ? ಹದಿನೈದು ದಿನಕ್ಕೆ ಬರಬೇಕಾದ ಕಾಗದ ಬಾರದೆ ತಿಂಗಳಾಯಿತು. ಹುಷಾರಾಗಿದ್ದೀರಷ್ಟೇ?

ಅಕ್ಷರ ದೊಡ್ಡದಾಗಿದೆ. ಎಣಿಕೆ ನಿಧಾನವಾಗಿದೆ. ಪ್ರೋಗ್ರಾಂ ಬರೆಯುವ ಅಭಿಜಿತ್ ಈಗ ತನ್ನ ಅಜ್ಜಿಯಿಂದಲೇ ಧ್ವನಿ ಕೊಡಿಸಿದ್ದಾನೆ. ಸಂಸ್ಥೆಯಿಂದ ನಿಮಗೆ ಕೊಟ್ಟ ಫೋನಿನಿಂದ ಬಂದ ಲೆಕ್ಕವನ್ನೂ ನೋಡಿದೆ. ಆಗಸ್ಟಿನಲ್ಲೂ ಒಂದು ದಿನ ತಪ್ಪಿಲ್ಲ! ಸಂಸ್ಥೆಯ ಸಮಿತಿಗೆ ನಿಮ್ಮ ಪಟ್ಟಿಯನ್ನೇ ತೋರಿಸಿದೆ.

ಒಂದು ಮಾತು ಕೇಳಬೇಕಿತ್ತು. ಏಳನೆಯ ವ್ಯಾಯಾಮ, ಕುರ್ಚಿ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಅದರಲ್ಲಿ ಯಾರಿಗಾದರೂ ತೊಂದರೆಯಾಗಿದೆಯೆ? ಸುಮ್ಮನೆ ಕೇಳುತ್ತಿದ್ದೇನೆ. ನೀವು ‘ಇಲ್ಲ’ ಎಂದರೆ ಹತ್ತನ್ನೂ ಹೀಗೇ ಉಳಿಸಿ ನವೆಂಬರಿನ ಪ್ರದರ್ಶನಕ್ಕೆ ಸಿದ್ಧಮಾಡಿಬಿಡಬಹುದು.

ನಿಮ್ಮ,
ಶ್ರೀವಿದ್ಯಾ


ಕಡವಂತ್ರ
1 ಸೆಪ್ಟೆಂಬರ್ 2008

ಡಾ. ಶ್ರೀವಿದ್ಯಾ ಅವರಿಗೆ,

ಕಾಸರಗೋಡಿನಲ್ಲಿ ಬಂಧುಗಳ ಮದುವೆಯಿದ್ದುದರಿಂದ ಬರೆಯಲು ತಡವಾಯಿತು. ಕ್ಷಮಿಸಿ.

ಏಳನೆಯ ವ್ಯಾಯಾಮದಲ್ಲಿ ಯಾರಿಗೂ ತೊಂದರೆ ಇಲ್ಲ.

ಅಕ್ಷರ ಸ್ವಲ್ಪ ಓರೆಯಾಗಿದ್ದರೆ ಪೆನ್ನಿನ ದೋಷ. ಓಣಂ ಹಬ್ಬದ ಶುಭಾಶಯಗಳು.

ಕಮಲಾಕ್ಷ


ಉಳ್ಳೂರು
9 ಅಕ್ಟೋಬರ್ 2008

ಪ್ರಿಯ ಅಂಕಲ್,

ಸುಮಿತ್ರಮ್ಮನವರ ತಮ್ಮ ಅಚ್ಯುತ ಅವರು ಫೋನ್ ಮಾಡಿದ್ದರು. ಭಾನುವಾರ ಬೆಳಿಗ್ಗೆ ವ್ಯಾಯಾಮ ಮಾಡುವಾಗ ಬಿದ್ದರಂತೆ. ಸೊಂಟದ ಮೂಳೆ ಮುರಿದು ಸೋಮವಾರ ಶಸ್ತ್ರಚಿಕಿತ್ಸೆಯೂ ಆಯಿತಂತೆ. ಬೀಳದಂತೆ ಮಾಡಲು ಹೊರಟವಳ ಕೈಯಿಂದಲೇ ಬಿದ್ದರು.

ಸಮಿತಿ ವರದಿ ಕೇಳುತ್ತಿದೆ. ಅಪಘಾತದ ತನಿಖೆ ಮಾಡಿ ಅನುಭವವಿರುವವರು ನೀವು. ಆಸ್ಪತ್ರೆಗೆ ಹೋಗಿ ಅವರನ್ನು ಮಾತಾಡಿಸಿ, ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿ. ಬೇಗ.

ಶ್ರೀವಿದ್ಯಾ


ಕಡವಂತ್ರ
13 ಅಕ್ಟೋಬರ್ 2008

ಡಾ. ಶ್ರೀವಿದ್ಯಾ ಅವರಿಗೆ,

ವರದಿ: ದಿನಾಂಕ 5ರಂದು ಬೆಳಿಗ್ಗೆ ಸುಮಾರು ಏಳೂವರೆಗೆ ಶ್ರೀಮತಿ ಸುಮಿತ್ರ ಅವರು ತಮ್ಮ ಮನೆಯ ನಡುಕೋಣೆಯಲ್ಲಿ ಏಳನೆಯ ವ್ಯಾಯಾಮ ಮಾಡುತ್ತಿದ್ದರು. ನೆಲ ಒಣಗಿತ್ತು. ಬೆಳಕು ಸಾಕಷ್ಟಿತ್ತು. ಕುರ್ಚಿ ಗಟ್ಟಿಮುಟ್ಟಾಗಿದೆ, ನಾನೇ ಅಲುಗಾಡಿಸಿ ನೋಡಿದ್ದೇನೆ. ಕಾಲು ಎತ್ತಿದ್ದಾಗಲೇ ಸೂಚನೆಗೆ ವಿರುದ್ಧವಾಗಿ ಅವರು ಕುರ್ಚಿಯಿಂದ ಕೈ ಬಿಟ್ಟಿದ್ದಾರೆ. ಬಿದ್ದದ್ದಕ್ಕೆ ಇದೇ ಕಾರಣ. ಇದನ್ನು ಅವರೇ ನನ್ನೊಡನೆ ಒಪ್ಪಿಕೊಂಡಿದ್ದಾರೆ.

ಕಮಲಾಕ್ಷ


ಉಳ್ಳೂರು
22 ಅಕ್ಟೋಬರ್ 2008

ಪ್ರಿಯ ಕಮಲಾಕ್ಷ ಅಂಕಲ್,

ನಿಮ್ಮ ವರದಿಯಿಂದ ಯೋಜನೆ ಉಳಿಯಿತು. ಬಳಸಿದವರ ಅಜಾಗರೂಕತೆ ಎಂದು ಸಮಿತಿ ಬರೆದುಕೊಂಡಿತು. ‘ಕುರ್ಚಿ ಬಿಡಬೇಡಿ’ ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಸೇರಿಸಿದರೆ ಸಾಕಂತೆ. ನವೆಂಬರ್ ಇಪ್ಪತ್ತರ ಪ್ರದರ್ಶನ ನಿಗದಿಯಾಗಿದೆ. ಬಳಸಿದ ಹಿರಿಯರ ಪರವಾಗಿ ನೀವೇ ವೇದಿಕೆಯಲ್ಲಿ ಮಾತಾಡಬೇಕು. ಕರಪತ್ರದಲ್ಲಿ ನಿಮ್ಮ ಫೋಟೋ ಹಾಕಿಸಿದ್ದೇನೆ.

ವರದಿಯ ಪ್ರತಿಯೊಂದನ್ನು ನಿಯಮದಂತೆ ಅಚ್ಯುತ ಅವರಿಗೂ ಕಳಿಸಿದ್ದೆ. ಅವರು ಹೇಳಿದ ಒಂದು ಮಾತು ಮನಸ್ಸಿಗೆ ಚುಚ್ಚಿತು. ಸುಮಿತ್ರಮ್ಮ ಈಗ ನೋಡಲು ಬಂದವರಿಗೆಲ್ಲ ‘ನನ್ನದೇ ತಪ್ಪು’ ಎಂದು ಹೇಳಿಕೊಂಡು ಅಳುತ್ತಾರಂತೆ. ಒಮ್ಮೆ ಹೋಗಿ ಸಮಾಧಾನ ಹೇಳಿ ಬನ್ನಿ. ನಿಮ್ಮ ಮಾತನ್ನು ಕೇಳುತ್ತಾರೆ.

ನಿಮ್ಮ,
ಶ್ರೀವಿದ್ಯಾ


ಕಡವಂತ್ರ
2 ನವೆಂಬರ್ 2008

ಡಾ. ಶ್ರೀವಿದ್ಯಾ ಅವರಿಗೆ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ನಿರ್ಮಲಳಿಗೆ ತೋರಿಸಿಯೇ ಅಂಚೆಗೆ ಹಾಕುತ್ತೇನೆ, ಇಲ್ಲದಿದ್ದರೆ ಇದನ್ನೂ ಹರಿದುಬಿಟ್ಟೇನು.

ಆಗಸ್ಟ್ ಹನ್ನೊಂದರಂದು ನಾನು ಬಿದ್ದೆ. ನಮ್ಮ ಜಗಲಿಯಲ್ಲಿ, ಏಳನೆಯ ವ್ಯಾಯಾಮದಲ್ಲಿ. ಬಲಗೈಯಲ್ಲಿ ಕುರ್ಚಿ, ಎಡಗೈಯಲ್ಲಿ ಫೋನು. ಹತ್ತು ಎಣಿಸಿದ ಮೇಲೆ ನಡುವಿನ ಗುಂಡಿ ಒತ್ತಬೇಕು, ಎರಡು ಸೆಕೆಂಡಿನೊಳಗೆ ಒತ್ತದಿದ್ದರೆ ಆ ದಿನದ ವ್ಯಾಯಾಮ ಲೆಕ್ಕಕ್ಕಿಲ್ಲ. ಎಡಗೈ ಹೆಬ್ಬೆರಳಿಗೆ ಗುಂಡಿ ಎಟುಕಲಿಲ್ಲ. ಕುರ್ಚಿ ಬಿಟ್ಟು ಬಲಗೈ ತಂದೆ. ಕಾಲು ಇನ್ನೂ ಕೆಳಗಿಳಿದಿರಲಿಲ್ಲ. ಮೊಣಕೈ ನೆಲಕ್ಕೆ ಬಡಿದು ಜಗಲಿಯ ಕಂಬಿಯ ಬುಡದಲ್ಲಿ ಮಗುಚಿಕೊಂಡೆ. ಬೀಳುವಾಗ ಬೆರಳು ಗುಂಡಿಯ ಮೇಲೆ ಒತ್ತಿತ್ತೆಂದು ಕಾಣುತ್ತದೆ. ನಾನು ಏಳಲಾರದೆ ಬಿದ್ದುಕೊಂಡಿದ್ದಾಗ ಫೋನು “ವಳರೆ ನನ್ನಾಯಿ” ಎಂದಿತು. ಬಹಳ ಚೆನ್ನಾಗಿತ್ತು ಅಂತ. ಆ ದಿನದ ನೂರಕ್ಕೆ ನೂರು ನಿಮ್ಮ ಲೆಕ್ಕದಲ್ಲಿ ಹಾಗೆ ಬಂದದ್ದು.

ಪೇಟೆಯಿಂದ ಬಂದ ನಿರ್ಮಲ “ಎಂತ ಆಯ್ತು?” ಎಂದು ಓಡಿ ಬಂದಳು. ಚಪ್ಪಲಿ ಹುಡುಕುತ್ತಿದ್ದೆ ಎಂದೆ. ಮೊಣಕೈ ಊದಿದ್ದಕ್ಕೆ ಬಸ್ಸಿನ ಬಾಗಿಲು ತಾಗಿತೆಂದೆ. ಯಾವ ಮದುವೆಯೂ ಇರಲಿಲ್ಲ. ಪೆನ್ನು ಹಿಡಿಯಲಾಗುತ್ತಿರಲಿಲ್ಲ, ಅಷ್ಟೇ.

ಯಾಕೆ ಹೇಳಲಿಲ್ಲವೆಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಬೀಳದ ಹಾಗೆ ನಡೆಯುವುದನ್ನು ಒಂದು ಇಡೀ ಕಾರ್ಖಾನೆಗೆ ಕಲಿಸಿದವನು ಮನೆಯ ಜಗಲಿಯಲ್ಲಿ ಮಗುವಿನಂತೆ ಬಿದ್ದಿದ್ದ. ಹೇಳಿದರೆ ನೀವು ವ್ಯಾಯಾಮ ನಿಲ್ಲಿಸಿ ಎನ್ನುತ್ತಿದ್ದಿರಿ, ಹೊಣೆಯನ್ನು ಬೇರೆಯವರಿಗೆ ಕೊಡುತ್ತಿದ್ದಿರಿ. ನಿರ್ಮಲ ನನ್ನನ್ನು ಒಬ್ಬನೇ ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನೂ ಇಲ್ಲ, ಅದೇ ನಾಚಿಕೆ.

ಇನ್ನೊಂದಿದೆ. ಜುಲೈಯಲ್ಲಿ ನಮ್ಮ ಜಗಲಿಯಲ್ಲಿ ಸೇರಿದ್ದಾಗಲೇ ಸುಮಿತ್ರಕ್ಕ ಹೇಳಿದ್ದರು: “ಇರುವುದು ಎರಡೇ ಕೈ ಮಾರಾಯರೆ. ಒಂದು ಫೋನಿಗೆ, ಒಂದು ಕುರ್ಚಿಗೆ. ಮತ್ತೆ ಬಟನ್ ಒತ್ಲಿಕ್ಕೆ ಯಾವುದು?” ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಿಮಗೆ ಬರೆಯಲಿಲ್ಲ.

ಆಸ್ಪತ್ರೆಯಲ್ಲಿ ಅವರು ನನಗೆ ಹೇಳಿದ ವಾಕ್ಯ ಇದು: “ಬಟನ್ ಒತ್ತು ಅಂತ ಹೇಳಿತು, ಒತ್ಲಿಕ್ಕೆ ಅಂತ ಕುರ್ಚಿ ಬಿಟ್ಟೆ, ಬಿದ್ದೆ.” ಅದರಲ್ಲಿ ‘ಕುರ್ಚಿ ಬಿಟ್ಟೆ, ಬಿದ್ದೆ’ ಎಂಬ ಕೊನೆಯ ಮಾತನ್ನು ಮಾತ್ರ ನಾನು ವರದಿಗೆ ತೆಗೆದುಕೊಂಡೆ. ಸುಳ್ಳು ಬರೆಯಲಿಲ್ಲವಲ್ಲ ಎಂದು ಆ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಮಾಧಾನ ಹೇಳಿ ಬನ್ನಿ ಎಂದು ನೀವು ಬರೆದಿದ್ದಿರಿ. ಒಂದು ವಾರ ಹೋಗಲಿಲ್ಲ. ಮೊನ್ನೆ ಶುಕ್ರವಾರ ಹೋದೆ. ಮನೆಗೆ ಕರೆತಂದಿದ್ದಾರೆ, ಕಿಟಕಿಯ ಬಳಿ ಮಂಚ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, “ಬನ್ನಿ, ಕೂತ್ಕೊಳ್ಳಿ” ಎಂದರು.

“ಅಚ್ಯುತ ನಿಮ್ಮ ವರದಿ ಓದಿ ಹೇಳಿದ. ಬಟನ್ ಒತ್ಲಿಕ್ಕೆ ಬಿಟ್ಟದ್ದು ಅಂತ ನಾನು ಎಣಿಸಿದ್ದೆ. ನೀವು ಹಾಗೆ ಬರೆದಿಲ್ಲ. ನಾನು ಸುಮ್ಮನೆ ಬಿಟ್ಟದ್ದಾ ಹಾಗಾದ್ರೆ? ಮೂಳೆ ಹೋದದ್ದು ಹೋಗಲಿ, ತಲೆಯೂ ಹೋಯ್ತಾ ಅಂತ ಈಗ ಹೆದರಿಕೆ ಆಗ್ತದೆ.”

ಶ್ರೀವಿದ್ಯಾ ಅವರೇ, ಮೂವತ್ತು ವರ್ಷ ಬೇರೆಯವರ ಮಾತನ್ನು ಅಕ್ಷರ ತಪ್ಪದೆ ನೆನಪಿಟ್ಟು ಬರೆದ ಹೆಂಗಸು, ನನ್ನ ಒಂದು ಸಾಲಿನಿಂದ ತನ್ನ ನೆನಪನ್ನೇ ನಂಬದ ಹಾಗಾಗಿದ್ದರು.

“ನಿಮ್ಮ ನೆನಪು ಸರಿ ಉಂಟು ಸುಮಿತ್ರಕ್ಕ,” ಎಂದೆ. “ನಾನು ಅರ್ಧ ಬರೆದದ್ದು. ನಾನೂ ಬಿದ್ದಿದ್ದೆ.”

“ಯಾವಾಗ?”

“ಆಗಸ್ಟಿನಲ್ಲಿ. ಏಳನೆಯದ್ರಲ್ಲೇ.”

“ಬಟನ್ ಒತ್ತುವಾಗ?”

“ಹೌದು.”

ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. “ಪೆಟ್ಟಾಗಿತ್ತಾ?” ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು: “ಒಬ್ಬ ಸಾಕ್ಷಿ ಹೇಳಿದ್ದನ್ನು ನಾನು ಅರ್ಧ ಅನುವಾದ ಮಾಡಿದ್ರೆ ಯಾರೋ ಒಬ್ಬ ಜೈಲಿಗೆ ಹೋಗ್ತಿದ್ದ. ಒಂದು ದಿನವೂ ಹಾಗೆ ಮಾಡ್ಲಿಲ್ಲ ನಾನು. ನೀವು ಆಗಲೇ ಹೇಳಿದ್ರೆ ನಾನು ಆ ಏಳನೆಯದ್ದು ಮಾಡ್ತಿರ್ಲಿಲ್ಲ, ಅಲ್ವಾ? ಈಗ ಹೋಗಿ. ಕಾಲು ನೋಯ್ತಾ ಉಂಟು.”

ಎದ್ದು ಬಂದೆ. ಅಚ್ಯುತ ಗೇಟಿನವರೆಗೆ ಬಂದು ಚಿಲಕ ಹಾಕಿಕೊಂಡರು.

ಈ ಕಾಗದವನ್ನು ಸಮಿತಿಗೆ ಕೊಡಿ. ಕರಪತ್ರದಿಂದ ನನ್ನ ಫೋಟೋ ತೆಗೆಸಿ. ನಾನು ವೇದಿಕೆಗೆ ಬರುವುದಿಲ್ಲ.

ಕಮಲಾಕ್ಷ


ಉಳ್ಳೂರು
10 ನವೆಂಬರ್ 2008

ಕಮಲಾಕ್ಷ ಅಂಕಲ್,

ನಿಮ್ಮ ಕಾಗದವನ್ನು ಸಮಿತಿಯ ಮುಂದೆ ಪೂರ್ತಿ ಓದಿದೆ. ಅದರ ಜೊತೆ ಇನ್ನೊಂದು ಕಾಗದವನ್ನೂ ಓದಬೇಕಾಯಿತು. ಅದು ನನ್ನ ಮೇಜಿನ ಖಾನೆಯಲ್ಲಿ ಎರಡೂವರೆ ತಿಂಗಳಿಂದ ಇತ್ತು.

ಆಗಸ್ಟ್ ಹದಿನಾರರಂದು ಸುಮಿತ್ರಮ್ಮ ನನಗೇ ನೇರವಾಗಿ ಬರೆದಿದ್ದರು. ಒಂದು ಕುರ್ಚಿ, ಒಂದು ಫೋನು, ಎರಡು ಕೈ ಚಿತ್ರ ಬಿಡಿಸಿ, ಮೂರನೆಯ ಕೈ ಎಲ್ಲಿಂದ ತರಲಿ ಎಂದು ಕೇಳಿದ್ದರು. ಓದಿದ ಕೂಡಲೇ ಅವರು ಹೇಳುವುದು ಸರಿಯೆಂದು ನನಗೆ ಗೊತ್ತಾಯಿತು. ಆದರೆ ಯಾರು ಎಷ್ಟು ಮಾಡಿದರೆಂಬ ಲೆಕ್ಕ ಸಮಿತಿಗೆ ಬೇಕಿತ್ತು, ಗುಂಡಿ ಒತ್ತದೆ ಲೆಕ್ಕ ಬರುವುದಿಲ್ಲ. ಬದಲಿಸಿದರೆ ಪ್ರದರ್ಶನಕ್ಕೆ ಆಗುವುದಿಲ್ಲ ಎಂದು ಅಭಿಜಿತ್ ಹೇಳಿದ. ಆಗ ನಾನು ನಿಮಗೆ ಬರೆದೆ, ‘ಸುಮ್ಮನೆ ಕೇಳುತ್ತಿದ್ದೇನೆ’ ಎಂದು. ಅವರ ಹೆಸರು ಎತ್ತಲಿಲ್ಲ. ನೀವು ‘ಇಲ್ಲ’ ಎನ್ನುತ್ತೀರೆಂದು ಗೊತ್ತಿದ್ದೇ ನಿಮ್ಮನ್ನು ಕೇಳಿದೆ. ‘ಇಲ್ಲ’ ಬಂದಾಗ ಖಾನೆ ಮುಚ್ಚಿದೆ. ಅವರಿಗೆ ಉತ್ತರವನ್ನೂ ಬರೆಯಲಿಲ್ಲ.

ನಿಮ್ಮ ವರದಿ ಬಂದಾಗಲೂ ಅಷ್ಟೆ. ಅವರು ಕೈ ಬಿಟ್ಟದ್ದು ಯಾಕೆಂದು ನಿಮ್ಮ ವರದಿಯಲ್ಲಿ ಇರಲಿಲ್ಲ, ನನ್ನ ಖಾನೆಯಲ್ಲಿತ್ತು. ನೀವು ಅರ್ಧ ಬರೆದಿರಿ, ಉಳಿದರ್ಧ ಗೊತ್ತಿದ್ದವಳು ನಾನು. ನಿಮ್ಮದು ನಾಚಿಕೆಯಿಂದ ಆದದ್ದು. ನನ್ನದಕ್ಕೆ ಆ ಹೆಸರೂ ಸಲ್ಲದು. ಹಿರಿಯರ ಮಾತು ಕೇಳಿ ರೂಪಿಸುತ್ತೇವೆ ಎಂದು ಎಲ್ಲೆಡೆ ಹೇಳಿಕೊಂಡು ಬಂದೆ. ನಿಜ ಹೇಳುತ್ತೇನೆ, ಜುಲೈಯಲ್ಲಿ ನಿಮ್ಮನ್ನು ಸಭೆಗೆ ಕರೆಯುವ ಹೊತ್ತಿಗೆ ಹತ್ತೂ ವ್ಯಾಯಾಮ, ಗುಂಡಿ, ಎಲ್ಲ ತೀರ್ಮಾನವಾಗಿತ್ತು. ಅಕ್ಷರ ದೊಡ್ಡದು ಮಾಡುವುದಷ್ಟೇ ಬಾಕಿಯಿತ್ತು.

ಪ್ರದರ್ಶನ ರದ್ದಾಗಿದೆ. ಫೋನುಗಳನ್ನು ವಾಪಸು ತರಿಸುತ್ತಿದ್ದೇವೆ, ದಯವಿಟ್ಟು ಇಂದಿನಿಂದ ಯಾರೂ ಬಳಸಬಾರದು. ಯೋಜನೆಯ ಮುಖ್ಯಸ್ಥೆ ಇನ್ನು ನಾನಲ್ಲ. ಕೈಕೆಳಗೆ ಕೆಲಸ ಮಾಡಬಹುದು ಎಂದಿದ್ದಾರೆ, ಮಾಡುತ್ತೇನೆ. ಕಳೆದ ಶನಿವಾರ ಸುಮಿತ್ರಮ್ಮನವರ ಮನೆಗೆ ಹೋಗಿ ಇದನ್ನೆಲ್ಲ ಹೇಳಿ ಬಂದೆ. “ನನ್ನ ಕಾಗದ ಸಿಗಲಿಲ್ಲ ಅಂತ ಎಣಿಸಿದ್ದೆ. ಸಿಕ್ಕಿತ್ತಾ?” ಎಂದರು. ಅಷ್ಟೇ ಕೇಳಿದ್ದು.

ಮೊದಲಿಂದ ಶುರುಮಾಡಬೇಕು. ನಿಮ್ಮನ್ನು ಒಂದು ಕೇಳಬೇಕಿದೆ, ಈ ಸಲ ನಿಜವಾಗಿ. ದಿನಾ ಬೆಳಿಗ್ಗೆ ‘ನಿನ್ನೆ ಬಿದ್ದಿರಾ?’ ಎಂದು ಫೋನು ಕೇಳಿದ್ದರೆ, ಆಗಸ್ಟ್ ಹನ್ನೆರಡರಂದು ನೀವು ‘ಹೌದು’ ಎನ್ನುತ್ತಿದ್ದಿರಾ? ಇಲ್ಲವಾದರೆ ಹೇಗೆ ಕೇಳಬೇಕಿತ್ತು?

ಶ್ರೀವಿದ್ಯಾ


ಕಡವಂತ್ರ
18 ಜನವರಿ 2009

ಶ್ರೀವಿದ್ಯಾ,

ಬಹುವಚನ ಬಿಟ್ಟಿದ್ದೇನೆ. ಇಬ್ಬರೂ ಒಂದೇ ಕಟಕಟೆಯಲ್ಲಿ ನಿಂತ ಮೇಲೆ ಅದೇಕೆ?

ನಿನ್ನ ಪ್ರಶ್ನೆಗೆ ಉತ್ತರ: ‘ಇಲ್ಲ’ ಎನ್ನುತ್ತಿದ್ದೆ. ಹೇಗೆ ಕೇಳಬೇಕೆಂದು ಎರಡು ತಿಂಗಳು ಯೋಚಿಸಿದರೂ ನನಗೆ ಹೊಳೆಯಲಿಲ್ಲ. ಕೊನೆಗೆ ಅಚ್ಯುತರ ಮೂಲಕ ಸುಮಿತ್ರಕ್ಕನನ್ನು ಕೇಳಿಸಿದೆ, ಗುಂಪಿನವರೆಲ್ಲ ಅವರ ಮನೆಗೇ ಬಂದು ಸೇರಬಹುದೇ ಎಂದು. ಬರಲಿ ಎಂದರಂತೆ. ನನ್ನ ಹೆಸರು ಹೇಳಿದಾಗ ಮಾತು ಬದಲಿಸಿದರಂತೆ. ನಿನ್ನೆ ಹೋದೆವು. ಅವರೀಗ ವಾಕರ್ ಹಿಡಿದು ಕೋಣೆಯಿಂದ ನಡುಕೋಣೆಗೆ ಬರುತ್ತಾರೆ. ಇನ್ನು ಅದಿಲ್ಲದೆ ನಡೆಯುವುದು ಕಷ್ಟವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಮೊದಲು ನಾನು ಎದ್ದು ನಿಂತು, ಬಿದ್ದದ್ದನ್ನೂ ಅರ್ಧ ಬರೆದದ್ದನ್ನೂ ಎಲ್ಲರಿಗೂ ಹೇಳಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಇಬ್ರಾಹಿಂ ಕೆಮ್ಮಿ, “ನಾನೂ ಒಂದ್ಸಲ ಬಿದ್ದಿದ್ದೆ. ಹಾಸಿಗೆ ಮೇಲೆ ಬಿದ್ದದ್ದರಿಂದ ಲೆಕ್ಕ ಇಲ್ಲ ಅಂದ್ಕೊಂಡೆ” ಎಂದರು. ಮತ್ತಿಬ್ಬರು ಹೆಂಗಸರೂ ಬಾಯಿಬಿಟ್ಟರು. ಏಳರಲ್ಲಿ ಐವರು ಬಿದ್ದವರು, ಶ್ರೀವಿದ್ಯಾ. ನಾನು ನಿನಗೆ ಬರೆದ ಕಾಗದಗಳಲ್ಲಿ ಒಬ್ಬರೂ ಇರಲಿಲ್ಲ.

ಆಗ ನಿನ್ನ ಪ್ರಶ್ನೆ ಓದಿದೆ. ಸುಮಿತ್ರಕ್ಕ ನನ್ನನ್ನು ಬಿಟ್ಟು ಉಳಿದವರ ಕಡೆ ತಿರುಗಿ ಹೇಳಿದರು: “ಬಿದ್ದಿರಾ ಅಂತ ಕೇಳಿದ್ರೆ ಯಾರು ಹೇಳ್ತಾರೆ? ಕೇಸು ಹಾಕಿದ ಹಾಗೆ ಆಗ್ತದೆ. ನಿನ್ನೆ ಎಲ್ಲೆಲ್ಲಿ ಹಿಡ್ಕೊಂಡ್ರಿ ಅಂತ ಕೇಳ್ಲಿಕ್ಕೆ ಹೇಳಿ. ಅದನ್ನು ಎಲ್ಲರೂ ಹೇಳಿಯಾರು.”

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಬಚ್ಚಲಿನ ನಲ್ಲಿ, ಬಟ್ಟೆ ಒಣಗುವ ಹಗ್ಗ, ಫ್ರಿಜ್ಜಿನ ಬಾಗಿಲು, ನಮಾಜಿಗೆ ಹೋದಾಗ ಪಳ್ಳಿಯ ಮೆಟ್ಟಿಲಿನಲ್ಲಿ ಗುರುತಿಲ್ಲದವರ ಅಂಗಿ. ಒಂದೂ ಬಿಡದೆ ಬರೆದುಕೊಂಡಿದ್ದೇನೆ, ಬೇರೆ ಹಾಳೆಯಲ್ಲಿದೆ. ಹೆಚ್ಚು ಸಲ ಹಿಡಿದವರಿಗೆ ಕುಳಿತು ಮಾಡುವ ವ್ಯಾಯಾಮ ಕೊಡಿ, ಗುಂಡಿಯೇ ಬೇಡ, ಫೋನು ಮೇಜಿನ ಮೇಲಿರಲಿ, ಮುಗಿಸಿ ಕೂತ ಮೇಲೆ ಬಾಯಲ್ಲಿ ಹೇಳುತ್ತೇವೆ ಎಂಬುದು ಎಲ್ಲರ ಮಾತು. ಸುಮಿತ್ರಕ್ಕನದನ್ನು ಕೇಳಿದಾಗ, “ನನ್ನದು ಬರೀಬೇಡಿ. ಹಿಡಿಯದ ಜಾಗವೇ ಇಲ್ಲ ಈಗ” ಎಂದರು. ಅದನ್ನೂ ಬರೆದಿದ್ದೇನೆ, ಅವರಿಗೆ ಓದಿ ತೋರಿಸಿ, ಒಪ್ಪಿಗೆ ಪಡೆದು. ಓದುವಾಗ ಕಣ್ಣು ಮುಚ್ಚಿ ಕೇಳಿದರು. “ಸರಿ ಉಂಟು” ಎಂದರು. ನನ್ನೊಡನೆ ಆಡಿದ್ದು ಅದೊಂದೇ ಮಾತು. ಚಹಾ ಕೊಡುವಾಗ ನನ್ನ ಲೋಟವನ್ನು ಅಚ್ಯುತರ ಕೈಯಲ್ಲಿ ಕಳಿಸಿದರು.

ಹಾಳೆಯಲ್ಲಿ ಕೊನೆಯ ಹೆಸರು ನನ್ನದು. ಅಲ್ಲಿ ಎಲ್ಲರ ಎದುರು ಹೇಳಲಾಗದೆ ಖಾಲಿ ಬಿಟ್ಟು ಬಂದಿದ್ದೆ. ಇವತ್ತು ತುಂಬಿದ್ದೇನೆ. ಬಸ್ಸು ನಿಲ್ದಾಣದ ಕಂಬ. ಸ್ನಾನದ ಕೋಣೆಯ ಗೋಡೆ. ಮನೆಯ ಮೆಟ್ಟಿಲಿಳಿಯುವಾಗ ನಿರ್ಮಲಳ ಭುಜ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಮೂರು ವರ್ಷದಿಂದ ಹಿಡಿಯುತ್ತಿದ್ದೇನೆ, ಅವಳು ಎಡವಬಾರದೆಂದು ಹಿಡಿಯುವುದು ಎಂದುಕೊಂಡು.

ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

“ಅದು ನನಗೆ ಗೊತ್ತುಂಟು,” ಎಂದಳು. “ಅದಕ್ಕೇ ನಿಧಾನ ಇಳಿಯುವುದು ನಾನು.”

ಕಮಲಾಕ್ಷ